ಕರಾವಳಿಯ ರಸ್ತೆಗೆ ಯಾವ ಕ್ಯಾಮ್? ಕೊಳ್ಳುವ ಮೊದಲು ಅಳೆದು ನೋಡಿ

ಹಳೆ ಎಸ್ಟೀಮ್, ಜಿಪ್ಸಿ, ಝೆನ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ದೊಡ್ಡ ಕ್ಯಾಮ್ ಹಾಕಿಸಿದ್ರೆ ಪಿಕಪ್ ಜಾಸ್ತಿ ಆಗ್ತದಾ?" ಆಗ್ತದೆ. ಆದರೆ ಯಾವ ಆರ್‌ಪಿಎಂನಲ್ಲಿ ಆಗ್ತದೆ ಅನ್ನೋದೇ ಇಲ್ಲಿ ಮುಖ್ಯ. ಕ್ಯಾಮ್ ಅಂದರೆ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚಿಸುವ ಶಾಫ್ಟ್, ಅವನ್ನು ಹೆಚ್ಚು ಹೊತ್ತು ತೆರೆದಿಡುವುದು ದೊಡ್ಡ ಕ್ಯಾಮ್. ಅದು ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. 6000 ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುವ ಕ್ಯಾಮ್, ಪಂಪ್‌ವೆಲ್ ಸರ್ಕಲ್ಲಿನ ಸಂಜೆ ಟ್ರಾಫಿಕ್‌ನಲ್ಲಿ ಎರಡನೇ ಗೇರಿಗೆ ಜರ್ಕ್ ಹೊಡೆಯುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಂಗಳೂರು, ಉಡುಪಿ ಕಡೆ ದಿನಾ ಓಡಿಸುವ ಕಾರಿಗೆ ಸ್ವಲ್ಪವೇ ಬದಲಾದ ಕ್ಯಾಮ್ ಸಾಕು. ಎಷ್ಟೋ ಕಾರುಗಳಿಗೆ ಅದೂ ಬೇಡ, ಇರುವ ಕ್ಯಾಮನ್ನೇ ಸರಿಯಾದ ಟೈಮಿಂಗ್‌ಗೆ (ವಾಲ್ವ್ ತೆರೆಯುವ, ಮುಚ್ಚುವ ಹೊತ್ತಿಗೆ) ತಂದರೆ ಕಳೆದುಹೋದ ಪಿಕಪ್ ವಾಪಸ್ ಬರುತ್ತದೆ. ನಿಮ್ಮ ಕಾರಿಗೆ ಯಾವುದು ಅಂತ ನೀವೇ ಅಳೆದು ನೋಡಬಹುದು. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು ನಿಮ್ಮ ಆರ್‌ಪಿಎಂ ಬರೆದುಕೊಳ್ಳಿ

ಒಂದು ವಾರ ಆರ್‌ಪಿಎಂ ಮೀಟರ್ ಮೇಲೆ ಒಂದು ಕಣ್ಣಿರಲಿ. ಮೀಟರ್ ಇಲ್ಲದಿದ್ದರೆ ಕಾರಿನ ಕಂಪ್ಯೂಟರಿಗೆ ಚುಚ್ಚುವ ಒಬಿಡಿ ಸ್ಕ್ಯಾನರ್ ಹಾಕಿ ಫೋನಿನಲ್ಲಿ ನೋಡಬಹುದು. ಅದೂ ಇಲ್ಲದ ಹಳೆ ಕಾರಾದರೆ ಹೊರಗಿನಿಂದ ಒಂದು ಮೀಟರ್ ಹಾಕಿಸಿ, ಟ್ಯೂನಿಂಗ್ ಮಾಡುವಾಗಲೂ ಬೇಕಾಗುತ್ತದೆ. ಓಡಿಸುವಾಗ ನೀವು ಬರೆಯಲು ಹೋಗಬೇಡಿ, ಪಕ್ಕದಲ್ಲಿ ಕೂತವರು ಬರೆಯಲಿ.

ಹೆಚ್ಚಿನವರಿಗೆ ಸಿಗುವ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ. ಹಂಪನಕಟ್ಟೆ, ಕಲ್ಸಂಕದಂಥ ಜಾಗದಲ್ಲಿ 1000ದಿಂದ 2000. ಸುರತ್ಕಲ್ ದಾಟಿ ಪಡುಬಿದ್ರಿ ಕಡೆ ಹೈವೇ 66ರಲ್ಲಿ ಐದನೇ ಗೇರು, 80 ಕಿ.ಮೀ. ಸ್ಪೀಡು ಇದ್ದರೆ 2200ರಿಂದ 2800. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ 14 ಹೇರ್‌ಪಿನ್ ತಿರುವುಗಳಿವೆ. ಒಂದೊಂದನ್ನೂ ಎರಡನೇ ಗೇರಿನಲ್ಲಿ 20-25 ಕಿ.ಮೀ. ವೇಗದಲ್ಲಿ ಹಿಡಿಯುತ್ತೀರಿ. ಚಿಕ್ಕ ಪೆಟ್ರೋಲ್ ಕಾರಿಗೆ ಅದು 1400ರಿಂದ 1800 ಆರ್‌ಪಿಎಂ. ಅಲ್ಲಿಂದ 3500ರ ತನಕ ಎಳೆದು ಮತ್ತೆ ಮುಂದಿನ ತಿರುವಿಗೆ ಬ್ರೇಕು. 4500 ದಾಟುವುದು ಓವರ್‌ಟೇಕ್ ಮಾಡುವಾಗ ಮಾತ್ರ, ಅದೂ ಕೆಲವೇ ಸೆಕೆಂಡು.

ಈ ಚೀಟಿಯನ್ನು ಕೈಯಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಿ. ಕ್ಯಾಮ್ ಮಾರುವವರು ಕೊಡುವ ಶೀಟಿನಲ್ಲಿ "ಪವರ್ 3500ರಿಂದ 7500" ಅಂತ ಇದ್ದರೆ, ನಿಮ್ಮ ಕಾರು ದಿನದ ಬಹುಪಾಲು ಆ ಕ್ಯಾಮ್ ಕೆಲಸ ಶುರು ಮಾಡುವ ಮೊದಲೇ ಓಡುತ್ತಿರುತ್ತದೆ.

ಶೀಟಿನ ನಂಬರುಗಳನ್ನು ಓದುವುದು

ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಿನ) ಅರ್ಧ ವೇಗದಲ್ಲಿ. ಅದರ ಮೇಲಿನ ಮೊಟ್ಟೆಯಾಕಾರದ ಲೋಬ್ ವಾಲ್ವನ್ನು ಒತ್ತಿ ತೆರೆಯುತ್ತದೆ. ಎಷ್ಟು ತೆರೆಯುತ್ತದೆ ಅನ್ನೋದು ಲಿಫ್ಟ್. ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋದು ಡ್ಯುರೇಷನ್, ಅದನ್ನು ಕ್ರ್ಯಾಂಕಿನ ಡಿಗ್ರಿಯಲ್ಲಿ ಹೇಳುತ್ತಾರೆ.

ಒಂದು ಉದಾಹರಣೆ. ಕಂಪನಿಯ ಕ್ಯಾಮ್‌ನಲ್ಲಿ ಗಾಳಿ ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ಪಿಸ್ಟನ್ ಮೇಲಿನ ತುದಿಗೆ ಬರುವ 10 ಡಿಗ್ರಿ ಮೊದಲು ತೆರೆದು, ಕೆಳಗಿನ ತುದಿ ದಾಟಿ 50 ಡಿಗ್ರಿ ಆದ ಮೇಲೆ ಮುಚ್ಚುತ್ತದೆ ಅಂತ ಇಟ್ಟುಕೊಳ್ಳಿ. 10, 180, 50 ಕೂಡಿಸಿದರೆ 240 ಡಿಗ್ರಿ. ದೊಡ್ಡ ಕ್ಯಾಮ್ ಒಂದು 30 ಡಿಗ್ರಿ ಮೊದಲೇ ತೆರೆದು 70 ಡಿಗ್ರಿ ಆದ ಮೇಲೆ ಮುಚ್ಚಿದರೆ ಅದು 280.

ಈ ಎರಡರಲ್ಲಿ ಓಡಿಸುವವನಿಗೆ ಜಾಸ್ತಿ ಗೊತ್ತಾಗುವುದು ವಾಲ್ವ್ ಮುಚ್ಚುವ ಹೊತ್ತು. ಪಿಸ್ಟನ್ ಕೆಳಗಿನ ತುದಿ ದಾಟಿ ಮೇಲೆ ಬರಲು ಶುರು ಮಾಡಿದೆ, ಇನ್‌ಲೆಟ್ ಇನ್ನೂ ತೆರೆದೇ ಇದೆ. 50 ಡಿಗ್ರಿಗೆ ಪಿಸ್ಟನ್ ಸ್ಟ್ರೋಕಿನ ಸುಮಾರು ಎಂಟನೇ ಒಂದು ಭಾಗ ಮೇಲೆ ಬಂದಿರುತ್ತದೆ. 70 ಡಿಗ್ರಿಗೆ ಕಾಲು ಭಾಗವೇ ಬಂದಾಗಿರುತ್ತದೆ. ಆರ್‌ಪಿಎಂ ಮೇಲಿದ್ದಾಗ ಇದರಿಂದ ಲಾಭ, ಯಾಕೆಂದರೆ ಒಳಗೆ ನುಗ್ಗುವ ಗಾಳಿಗೆ ಎಷ್ಟು ಓಟ ಇರುತ್ತದೆ ಅಂದರೆ ಪಿಸ್ಟನ್ ಎದುರಿಗೆ ಬಂದರೂ ಅದು ನುಗ್ಗುತ್ತಲೇ ಇರುತ್ತದೆ. 1500 ಆರ್‌ಪಿಎಂನಲ್ಲಿ ಗಾಳಿಗೆ ಆ ಓಟ ಇಲ್ಲ. ಒಳಗೆ ಬಂದದ್ದೇ ಮ್ಯಾನಿಫೋಲ್ಡಿಗೆ (ಗಾಳಿ ಬರುವ ಕೊಳವೆಗೆ) ವಾಪಸ್ ಹೋಗುತ್ತದೆ. ಸಿಲಿಂಡರಿನಲ್ಲಿ ಉಳಿಯುವ ಗಾಳಿ ಕಮ್ಮಿ, ಕಂಪ್ರೆಷನ್ ಕಮ್ಮಿ, ಎಳೆತ ಕಮ್ಮಿ. ಆಗುಂಬೆಯ ಹೇರ್‌ಪಿನ್ನಿನಲ್ಲಿ ಹಾಫ್ ಕ್ಲಚ್ ಹಿಡಿಯಬೇಕಾಗುವುದು ಇದೇ ಕಾರಣಕ್ಕೆ.

(ಟೊಯೋಟಾ ಹೈರೈಡರ್, ಹೋಂಡಾ ಸಿಟಿಯಂಥ ಹೈಬ್ರಿಡ್ ಕಾರುಗಳಲ್ಲಿ ಇದನ್ನೇ ಬೇಕೆಂದೇ ಮಾಡಿರುತ್ತಾರೆ. ಅಟ್ಕಿನ್ಸನ್ ಸೈಕಲ್ ಅಂತ ಹೆಸರು. ಇನ್‌ಲೆಟ್ ತಡವಾಗಿ ಮುಚ್ಚಿ ಪೆಟ್ರೋಲ್ ಉಳಿಸುತ್ತಾರೆ, ಕೆಳಗಿನ ಎಳೆತದ ಕೊರತೆಯನ್ನು ಎಲೆಕ್ಟ್ರಿಕ್ ಮೋಟಾರ್ ತುಂಬುತ್ತದೆ. ನಮ್ಮ ಹಳೆ ಎಸ್ಟೀಮ್‌ಗೆ ಆ ಮೋಟಾರ್ ಇಲ್ಲ.)

ಇನ್ನೊಂದು ಓವರ್‌ಲ್ಯಾಪ್. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್‌ಲೆಟ್ ತೆರೆದುಕೊಳ್ಳುತ್ತದಲ್ಲ, ಆ ಎರಡೂ ತೆರೆದಿರುವ ಹೊತ್ತು. ಲೆಕ್ಕ ಸುಲಭ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಡ್ಯುರೇಷನ್ ಕೂಡಿಸಿ 4ರಿಂದ ಭಾಗಿಸಿ. ಶೀಟಿನಲ್ಲಿ ಲೋಬ್ ಸೆಪರೇಷನ್ (ಇನ್‌ಲೆಟ್, ಎಕ್ಸಾಸ್ಟ್ ಲೋಬ್‌ಗಳ ತುದಿಗಳ ನಡುವಿನ ಕೋನ) ಅಂತ ಒಂದು ನಂಬರ್ ಇರುತ್ತದೆ, ಅದನ್ನು ಕಳೆದು 2ರಿಂದ ಗುಣಿಸಿ. 240, 240, ಸೆಪರೇಷನ್ 110 ಇದ್ದರೆ ಓವರ್‌ಲ್ಯಾಪ್ 20 ಡಿಗ್ರಿ. 280, 280, ಅದೇ 110 ಇದ್ದರೆ 60 ಡಿಗ್ರಿ. ಡ್ಯುರೇಷನ್ ಏರಿದ್ದು 40, ಓವರ್‌ಲ್ಯಾಪ್ ಮೂರು ಪಟ್ಟು! ಐಡ್ಲಿಂಗ್‌ನಲ್ಲಿ ಸುಟ್ಟ ಹೊಗೆ ಇನ್‌ಲೆಟ್ ಕಡೆ ವಾಪಸ್ ಬರುತ್ತದೆ, ಹಸಿ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತದೆ. ರ್‍ಯಾಲಿ ಕಾರುಗಳು ನಿಂತಲ್ಲೇ ಕುಂಟುವ ಹಾಗೆ ಸದ್ದು ಮಾಡುವುದು ಇದರಿಂದಲೇ. ಕೇಳಲು ಚಂದ, ನಿಜ. ಪಿಯುಸಿ ಕೇಂದ್ರದಲ್ಲಿ ಹೊಗೆ ಅಳೆಯುವುದು ಐಡ್ಲಿಂಗ್‌ನಲ್ಲಿಯೂ, ಅಲ್ಲಿ ಈ ಹಸಿ ಪೆಟ್ರೋಲ್ ಹೈಡ್ರೋಕಾರ್ಬನ್ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಲಿಫ್ಟ್ ಬಗ್ಗೆ ಜಾಸ್ತಿ ಹೆದರಬೇಡಿ. ಡ್ಯುರೇಷನ್ ಹೆಚ್ಚಿಸಿದರೆ ಕೆಳಗಿನ ಎಳೆತ ಹೋಗುತ್ತದೆ, ಲಿಫ್ಟ್ ಸ್ವಲ್ಪ ಹೆಚ್ಚಿಸಿದರೆ ಅಷ್ಟು ಹೋಗುವುದಿಲ್ಲ. ವಾಲ್ವ್ ಅಗಲದ ಸುಮಾರು ಕಾಲು ಭಾಗದಷ್ಟು ಲಿಫ್ಟ್ ಆದ ಮೇಲೆ ಇನ್ನೂ ಎತ್ತಿದರೂ ಗಾಳಿ ಹೆಚ್ಚೇನೂ ಬರುವುದಿಲ್ಲ, ಪೋರ್ಟೇ ತಡೆಯಾಗುತ್ತದೆ.

ಎರಡು ಶೀಟುಗಳನ್ನು ಹೋಲಿಸುವಾಗ ಒಂದು ಜಾಗ್ರತೆ. ಒಬ್ಬರು ಡ್ಯುರೇಷನ್ನನ್ನು ವಾಲ್ವ್ ಅಲ್ಲಾಡಲು ಶುರುವಾದ ಕ್ಷಣದಿಂದ ಅಳೆದಿರುತ್ತಾರೆ, ಇನ್ನೊಬ್ಬರು 1 ಮಿ.ಮೀ. ಲಿಫ್ಟ್ ಆದ ಮೇಲಿಂದ. ಒಂದೇ ಕ್ಯಾಮ್‌ಗೆ ಈ ಎರಡು ಲೆಕ್ಕದಲ್ಲಿ ಹತ್ತಾರು ಡಿಗ್ರಿ ವ್ಯತ್ಯಾಸ ಬರುತ್ತದೆ. ಯಾವ ಲಿಫ್ಟ್‌ನಲ್ಲಿ ಅಳೆದದ್ದು ಅಂತ ಬರೆದಿಲ್ಲದ ಶೀಟನ್ನು ನಂಬಿ ದುಡ್ಡು ಕೊಡಬೇಡಿ.

ಇರುವ ಕ್ಯಾಮ್ ಸರಿ ಇದೆಯಾ ನೋಡಿ

ಇದನ್ನು ಬಿಟ್ಟು ನೇರ ಹೊಸ ಕ್ಯಾಮ್‌ಗೆ ಹಾರುವವರೇ ಜಾಸ್ತಿ. ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಕ್ಯಾಮ್ ಟೈಮಿಂಗ್ ಕಂಪನಿ ಇಟ್ಟ ಜಾಗದಲ್ಲೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಟೈಮಿಂಗ್ ಚೈನ್ ಎಳೆದುಕೊಂಡರೆ ಕ್ಯಾಮ್ ತಡವಾಗುತ್ತದೆ. ಬೆಲ್ಟ್ ಹಾಕುವಾಗ ಒಂದು ಹಲ್ಲು ತಪ್ಪಿದರೆ ಇನ್ನೂ ಕಷ್ಟ. 40 ಹಲ್ಲಿನ ಕ್ಯಾಮ್ ಪುಲ್ಲಿಯಲ್ಲಿ ಒಂದು ಹಲ್ಲು ಅಂದರೆ ಕ್ಯಾಮ್‌ನ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಕಾರು ಸ್ಟಾರ್ಟ್ ಆಗುತ್ತದೆ, ಓಡುತ್ತದೆ ಕೂಡ, ಆದರೆ ಜೀವ ಇರುವುದಿಲ್ಲ.

ನಮ್ಮಲ್ಲಿ ಎಂಜಿನ್ ಬಿಸಿಯಾಗಿ ಹೆಡ್ (ವಾಲ್ವುಗಳಿರುವ ಮೇಲಿನ ಭಾಗ) ಇಳಿಸಿ ಲೇತ್‌ನಲ್ಲಿ ಲೆವೆಲ್ ಮಾಡಿಸಿದ ಕಾರುಗಳು ತುಂಬಾ ಇವೆ. ಹೆಡ್ ತೆಳ್ಳಗಾದಷ್ಟು ಮೇಲಿನ ಕ್ಯಾಮ್ ಕೆಳಗಿನ ಕ್ರ್ಯಾಂಕಿಗೆ ಹತ್ತಿರ ಬರುತ್ತದೆ. ಮಾರ್ಕ್ ಸರಿಯಾಗಿ ಹೊಂದಿಸಿದರೂ ಟೈಮಿಂಗ್ ಸ್ವಲ್ಪ ತಡವಾಗುತ್ತದೆ. "ಹೆಡ್ ಕೆಲಸ ಆದ ಮೇಲೆ ಮೊದಲಿನ ಪಿಕಪ್ ಇಲ್ಲ" ಅಂತ ಹೇಳುವವರ ಮಾತಿನಲ್ಲಿ ಸತ್ಯ ಇರಬಹುದು, ಅವರನ್ನು ಸುಮ್ನೆ ಸಾಗಹಾಕಬಾರದು.

ನೋಡಬೇಕಾದ್ದು ಇಷ್ಟು. ಟ್ಯಾಪೆಟ್ ಕ್ಲಿಯರೆನ್ಸನ್ನು (ವಾಲ್ವ್ ಮುಚ್ಚಿದ್ದಾಗ ಅದರ ಮೇಲೆ ಉಳಿಯುವ ಸಣ್ಣ ಸಂದನ್ನು) ಫೀಲರ್ ಗೇಜ್ ಹಾಕಿ ಸರ್ವಿಸ್ ಮ್ಯಾನ್ಯುಯಲ್‌ನ ಅಳತೆಗೆ ತನ್ನಿ. ಸಡಿಲ ಜಾಸ್ತಿ ಆದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಅಂದರೆ ನಿಮಗೆ ಗೊತ್ತಿಲ್ಲದೆ ಇನ್ನೂ ಚಿಕ್ಕ ಕ್ಯಾಮ್ ಹಾಕಿಕೊಂಡ ಹಾಗೆ. ತೀರಾ ಬಿಗಿ ಆದರೆ ವಾಲ್ವ್ ಪೂರ್ತಿ ಕೂರದೆ ಸುಡುತ್ತದೆ. ಎಲ್ಲ ಲೋಬ್‌ಗಳ ಎತ್ತರವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ, ಒಂದು ಮಾತ್ರ ಕಮ್ಮಿ ಬಂದರೆ ಅದು ಸವೆದಿದೆ. ಕಂಪ್ರೆಷನ್ ಟೆಸ್ಟ್ ಮಾಡಿಸಿ ನಂಬರ್ ಬರೆದಿಡಿ.

ವ್ಯಾಕ್ಯೂಮ್ ಗೇಜನ್ನು ಇನ್‌ಲೆಟ್ ಮ್ಯಾನಿಫೋಲ್ಡಿಗೆ ಚುಚ್ಚಿ ಐಡ್ಲಿಂಗ್‌ನಲ್ಲಿ ನೋಡಿ. ಸಮುದ್ರ ಮಟ್ಟದಲ್ಲಿ ಆರೋಗ್ಯವಾದ ಎಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ನಾವು ಇರುವುದೇ ಸಮುದ್ರದ ಪಕ್ಕ, ಹಾಗಾಗಿ ಪುಸ್ತಕದ ನಂಬರನ್ನು ಹಾಗೇ ಹೋಲಿಸಬಹುದು. ಮಡಿಕೇರಿಯಲ್ಲಿ ಅಳೆದರೆ ಎತ್ತರಕ್ಕೆ ಮೂರು ನಾಲ್ಕು ಇಂಚು ಕಮ್ಮಿ ಬರುತ್ತದೆ. ಮುಳ್ಳು ಅಲುಗಾಡದೆ 14-15ರಲ್ಲಿ ನಿಂತಿದ್ದರೆ ಕ್ಯಾಮ್ ಅಥವಾ ಇಗ್ನಿಷನ್ ಟೈಮಿಂಗ್ ತಡವಾಗಿರುವ ಸಾಧ್ಯತೆ ದೊಡ್ಡದು.

ಕ್ಯಾಮ್ ಸೆನ್ಸರಿನ ಕನೆಕ್ಟರ್ ಒಮ್ಮೆ ಬಿಚ್ಚಿ ನೋಡಿ. ಮಲ್ಪೆ, ಉಳ್ಳಾಲದ ಹಾಗೆ ಕಡಲ ಪಕ್ಕ ನಿಲ್ಲುವ ಕಾರುಗಳಲ್ಲಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮಿಸ್ಸಿಂಗ್, ತಡವಾಗಿ ಸ್ಟಾರ್ಟ್ ಆಗುವುದು ಇದರಿಂದಲೂ ಬರುತ್ತದೆ.

ಕಾರು ವಿವಿಟಿ ಆದರೆ

ಹೊಸ ಸ್ವಿಫ್ಟ್, ಬಲೆನೊ, ಐ20 ತರಹದ ಕಾರುಗಳಲ್ಲಿ ಓಡುತ್ತಿರುವಾಗಲೇ ಕ್ಯಾಮನ್ನು ಹಿಂದೆ ಮುಂದೆ ತಿರುಗಿಸುವ ವ್ಯವಸ್ಥೆ ಇದೆ, ಅದೇ ವಿವಿಟಿ. ಎಂಜಿನ್ ಆಯಿಲ್‌ನ ಒತ್ತಡದಿಂದ ಅದು ಕೆಲಸ ಮಾಡುತ್ತದೆ. ಹೋಂಡಾ 1989ರಲ್ಲಿ ತಂದ ವಿಟೆಕ್ ಇನ್ನೂ ಮುಂದೆ ಹೋಗಿ ಕೆಳಗಿನ ಆರ್‌ಪಿಎಂಗೆ ಒಂದು ಲೋಬ್, ಮೇಲಿನದಕ್ಕೆ ಬೇರೆ ಲೋಬ್ ಇಟ್ಟಿತು. ಇಂಥ ಕಾರಿಗೆ ರಸ್ತೆ ಬಳಕೆಗೆ ಬೇರೆ ಕ್ಯಾಮ್ ಹಾಕಿಸಲು ನನಗೆ ಕಾರಣವೇ ಕಾಣುವುದಿಲ್ಲ. ಆಯಿಲ್ ಸಮಯಕ್ಕೆ ಸರಿಯಾಗಿ, ಕಂಪನಿ ಹೇಳಿದ ಗ್ರೇಡಿನದ್ದೇ ಬದಲಿಸಿ. ಆಯಿಲ್ ಕಂಟ್ರೋಲ್ ವಾಲ್ವಿನ ಸಣ್ಣ ಜಾಲರಿಗೆ ಕೆಸರು ಕಟ್ಟಿದರೆ ಕ್ಯಾಮ್ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಪಿ0011 ಅಥವಾ ಪಿ0012 ಬಂದರೆ ಮೊದಲು ಆ ವಾಲ್ವ್ ಬಿಚ್ಚಿ ತೊಳೆಯಿಸಿ. ಪಿ0016 ಬಂದರೆ ಚೈನ್ ಕಡೆಯೂ ನೋಡಬೇಕು.

ಟರ್ಬೊ ಪೆಟ್ರೋಲ್, ಡೀಸೆಲ್ ಕಾರುಗಳ ಕ್ಯಾಮ್ ಮುಟ್ಟಬೇಡಿ.

ಬದಲಿಸಲೇಬೇಕು ಅಂದರೆ ಯಾವುದು

ವಾಲ್ವ್ ಅಲ್ಲಾಡಲು ಶುರುವಾದಲ್ಲಿಂದ ಅಳೆದ ಡ್ಯುರೇಷನ್ ಹಿಡಿದು ಹೇಳುತ್ತೇನೆ. 1.0ರಿಂದ 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿಗೆ, ಮನೆಯವರೂ ಓಡಿಸುವ ಕಾರಾದರೆ 256ರ ಹತ್ತಿರ ನಿಲ್ಲಿಸಿ. 268ರ ತನಕ ಹೋದರೆ ಕೆಳಗಿನ ಎಳೆತ ಕಮ್ಮಿಯಾದದ್ದು ಗೊತ್ತಾಗುತ್ತದೆ, ಆದರೂ ಬದುಕಬಹುದು. 280 ದಾಟಿದರೆ ಅದು ಚಿಕ್ಕಮಗಳೂರಿನ ತೋಟದ ಮಣ್ಣು ರಸ್ತೆಯಲ್ಲಿ ರ್‍ಯಾಲಿಗೆ ಇಳಿಯುವವರ ಮಾಲು. ಎಂಜಿನ್ ಚಿಕ್ಕದಾದಷ್ಟು ಅದೇ ಡ್ಯುರೇಷನ್ ಜಾಸ್ತಿ ಕಾಡುತ್ತದೆ, ಹಾಗಾಗಿ 1.6ಕ್ಕೆ ಹೊಂದಿದ್ದು 1.0ಕ್ಕೆ ಹೊಂದುವುದಿಲ್ಲ.

ಲೋಬ್ ಸೆಪರೇಷನ್ 110ಕ್ಕಿಂತ ಕೆಳಗೆ ಬೇಡ. ಇಲ್ಲಿನ ಸೆಕೆಗೆ ಏಸಿ ವರ್ಷವಿಡೀ ಓಡುತ್ತದೆ. ಓವರ್‌ಲ್ಯಾಪ್ ಜಾಸ್ತಿ ಇರುವ ಎಂಜಿನ್ ಐಡ್ಲಿಂಗ್‌ನಲ್ಲಿ ಮೊದಲೇ ಸೋತಿರುತ್ತದೆ, ಏಸಿ ಕಂಪ್ರೆಸರ್ ಹಿಡಿದ ಕೂಡಲೇ ಆಫ್ ಆಗುತ್ತದೆ. ನಂತೂರು ಜಂಕ್ಷನ್ನಿನಲ್ಲಿ ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಇದು ಬೇಕಾ?

ಮಳೆಗಾಲದ ಮಾತೂ ಇದೆ. ಕೆಳಗೆ ಏನೂ ಇಲ್ಲದೆ 4000ಕ್ಕೆ ಒಮ್ಮೆಲೇ ಪವರ್ ಬರುವ ಕಾರು, ಜುಲೈಯ ಘಾಟಿಯಲ್ಲಿ ಕೆಂಪು ಮಣ್ಣು ತೊಳೆದು ಬಂದ ತಿರುವಿನ ಮಧ್ಯೆ ಮುಂದಿನ ಚಕ್ರವನ್ನು ಹಿಡಿತ ತಪ್ಪಿಸಿ ತಿರುಗಿಸಿಬಿಡುತ್ತದೆ. ಒಂದೇ ಸಮ ಏರುವ ಎಳೆತ ಅಲ್ಲಿ ಸುರಕ್ಷಿತ.

ಬ್ರೇಕ್ ಬೂಸ್ಟರ್ ಕೂಡ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ನಂಬಿಕೊಂಡಿದೆ. ಗೇರಿನಲ್ಲಿ ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿರುವುದರಿಂದ ತೊಂದರೆ ಕಮ್ಮಿ. ಕ್ಲಚ್ ಒತ್ತಿ ನಿಧಾನ ಸಾಗುವಾಗ, ಪದೇ ಪದೇ ಬ್ರೇಕ್ ಒತ್ತಿದರೆ ಪೆಡಲ್ ಗಟ್ಟಿಯಾಗುತ್ತದೆ. ಹೊಸ ಕ್ಯಾಮ್ ಹಾಕಿದ ಮೇಲೆ ಐಡ್ಲಿಂಗ್ ವ್ಯಾಕ್ಯೂಮ್ 15 ಇಂಚಿಗಿಂತ ಕೆಳಗೆ ಇಳಿದರೆ ಆ ಕ್ಯಾಮನ್ನು ದಿನಬಳಕೆಗೆ ನಾನು ಒಪ್ಪುವುದಿಲ್ಲ.

ಹಳೆ ಕ್ಯಾಮನ್ನೇ ಅರೆದು ಬೇರೆ ಆಕಾರ ಕೊಡುವ ರೀಗ್ರೈಂಡ್ ಅಗ್ಗ. ಲೋಬ್‌ನ ದುಂಡು ಭಾಗವನ್ನು ಸಣ್ಣದು ಮಾಡಿ ಲಿಫ್ಟ್ ಹೆಚ್ಚಿಸುತ್ತಾರೆ. ಟ್ಯಾಪೆಟ್ ಅಡ್ಜಸ್ಟ್‌ಮೆಂಟ್ ಸ್ಕ್ರೂ ಅಷ್ಟು ದೂರ ಬರುತ್ತದಾ, ಅರೆದ ಮೇಲೆ ಮತ್ತೆ ಗಟ್ಟಿ ಮಾಡಿಸುತ್ತಾರಾ, ಈ ಎರಡು ಕೇಳಿಯೇ ಕೊಡಿ.

ಹೆಡ್ ಮುಚ್ಚುವ ಮೊದಲು

ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದಾ ಅಂತ ನೋಡುವುದಕ್ಕೆ ಮಕ್ಕಳು ಆಡುವ ಕ್ಲೇ ಸಾಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಪಿಸ್ಟನ್ ಮೇಲೆ ವಾಲ್ವ್ ಇಳಿಯುವ ಎರಡು ಗುಂಡಿಗಳಿಗೆ ಬೆರಳು ದಪ್ಪ ಒತ್ತಿ ಕೂರಿಸಿ. ವಾಲ್ವ್ ಮುಖಕ್ಕೆ ಒಂದು ಹನಿ ಎಣ್ಣೆ ಸವರಿ, ಇಲ್ಲದಿದ್ದರೆ ಕ್ಲೇ ಅಂಟಿಕೊಂಡು ಕಿತ್ತು ಬರುತ್ತದೆ. ಬಳಸಿದ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ, ಬೋಲ್ಟ್ ಬಿಗಿದು, ಟೈಮಿಂಗ್ ಹೊಂದಿಸಿ, ಕ್ಲಿಯರೆನ್ಸ್ ಸರಿ ಮಾಡಿ. ಈಗ ಕ್ರ್ಯಾಂಕನ್ನು ಸ್ಪಾನರ್ ಹಾಕಿ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಹೆಡ್ ತೆಗೆದರೆ ಕ್ಲೇ ಮೇಲೆ ವಾಲ್ವಿನ ಅಚ್ಚು ಅರ್ಧಚಂದ್ರದ ಹಾಗೆ ಸ್ಪಷ್ಟವಾಗಿ ಬಿದ್ದಿರುತ್ತದೆ. ಬ್ಲೇಡಿನಿಂದ ಅಡ್ಡ ಕತ್ತರಿಸಿ, ತೀರಾ ತೆಳ್ಳಗಿರುವ ಜಾಗವನ್ನು ವರ್ನಿಯರಿನಲ್ಲಿ ಅಳೆಯಿರಿ. ಇನ್‌ಲೆಟ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಇರಬೇಕು. ಎಕ್ಸಾಸ್ಟ್ ವಾಲ್ವ್ ಬಿಸಿಗೆ ಹೆಚ್ಚು ಉದ್ದವಾಗುತ್ತದೆ, ಅದಕ್ಕೆ ಜಾಸ್ತಿ ಬಿಡುವುದು.

ಪೂರ್ತಿ ಲಿಫ್ಟ್‌ನಲ್ಲಿ ವಾಲ್ವ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು. ಒಟ್ಟು 1.5 ಮಿ.ಮೀ. ಆದರೂ ಉಳಿದಿರಲಿ.

ಟೈಮಿಂಗ್ ಹೊಂದಿಸುವುದು

ಮಾರ್ಕ್‌ಗೆ ಮಾರ್ಕ್ ಇಟ್ಟರೆ ಮುಗಿಯಿತು ಅನ್ನೋದು ಹೊಸ ಕ್ಯಾಮ್‌ಗೆ ಸಾಲದು. ಡಿಗ್ರಿ ಗುರುತಿನ ಚಕ್ರವನ್ನು ಕ್ರ್ಯಾಂಕ್ ಪುಲ್ಲಿಗೆ ಕಟ್ಟಿ. ಒಂದನೇ ಸಿಲಿಂಡರಿನ ಮೇಲಿನ ತುದಿಯನ್ನು ಪಿಸ್ಟನ್ ಸ್ಟಾಪ್ ಹಾಕಿ ನಿಖರವಾಗಿ ಹುಡುಕಿ. ಇನ್‌ಲೆಟ್ ವಾಲ್ವಿನ ಸ್ಪ್ರಿಂಗ್ ಟೋಪಿಯ ಮೇಲೆ ಡಯಲ್ ಗೇಜ್ ಕೂರಿಸಿ. ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತಾ ಹೋಗಿ, ದಾಟಿಬಿಟ್ಟರೆ ಹಿಂದೆ ತಿರುಗಿಸದೆ ಕ್ರ್ಯಾಂಕಿನ ಇನ್ನೆರಡು ಸುತ್ತು ಬನ್ನಿ. ಹಿಂದೆ ತಿರುಗಿಸಿದರೆ ಬೆಲ್ಟಿನ ಸಡಿಲ ಲೆಕ್ಕ ಕೆಡಿಸುತ್ತದೆ.

ಪೂರ್ತಿ ಲಿಫ್ಟ್‌ನ ತುದಿ ಚಪ್ಪಟೆ, ಮುಳ್ಳು ಅಲ್ಲಿ ಕೆಲವು ಡಿಗ್ರಿ ಅಲ್ಲಾಡುವುದೇ ಇಲ್ಲ. ಹಾಗಾಗಿ ತುದಿಗೆ 1 ಮಿ.ಮೀ. ಮೊದಲು ಎಷ್ಟು ಡಿಗ್ರಿ, ತುದಿ ದಾಟಿ 1 ಮಿ.ಮೀ. ಇಳಿದಾಗ ಎಷ್ಟು ಡಿಗ್ರಿ, ಎರಡೂ ಬರೆದುಕೊಳ್ಳಿ. 84 ಮತ್ತು 144 ಬಂತು ಅಂದರೆ ಮಧ್ಯ 114. ಶೀಟಿನಲ್ಲಿ ಇನ್‌ಲೆಟ್ ಲೋಬ್‌ನ ಮಧ್ಯ (ಸೆಂಟರ್‌ಲೈನ್) 110 ಇದ್ದರೆ ನಿಮ್ಮ ಕ್ಯಾಮ್ 4 ಡಿಗ್ರಿ ತಡ. ಹೊಂದಿಸಬಹುದಾದ ಪುಲ್ಲಿ ಇದ್ದರೆ ಅದನ್ನು 2 ಡಿಗ್ರಿ ಮುಂದೆ ತನ್ನಿ, ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಅಷ್ಟೇ ಸಾಕು. ಹೆಡ್ ಲೆವೆಲ್ ಮಾಡಿಸಿ ಸೋತ ಹಳೆ ಕಾರಿಗೆ ಕಂಪನಿಯ ಕ್ಯಾಮ್ ಇಟ್ಟುಕೊಂಡೇ ಇಷ್ಟು ಮಾಡಿದರೂ ಲೈಟ್‌ಹೌಸ್ ಹಿಲ್ ಏರಿನಲ್ಲಿ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ.

ಮುಂದೆ ತಂದರೆ ಇನ್‌ಲೆಟ್ ಬೇಗ ಮುಚ್ಚಿ ಕೆಳಗಿನ ಎಳೆತ ಹೆಚ್ಚುತ್ತದೆ, ಹಿಂದೆ ಸರಿಸಿದರೆ ಮೇಲಿನದು. ಎರಡು ನಾಲ್ಕು ಡಿಗ್ರಿ ಆಚೀಚೆ ಸಾಕು. ಜಾಸ್ತಿ ಸರಿಸಿದರೆ ಕ್ಲೇ ಪರೀಕ್ಷೆ ಮತ್ತೊಮ್ಮೆ ಮಾಡಲೇಬೇಕು.

ಸ್ಟಾರ್ಟ್ ಮಾಡಿದ ಮೇಲೆ

ಲೋಬ್‌ಗಳಿಗೆ ಅಸೆಂಬ್ಲಿ ಲ್ಯೂಬ್ ಧಾರಾಳ ಸವರಿರಬೇಕು. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ, ಪೆಟ್ರೋಲ್, ಇಗ್ನಿಷನ್ ಎಲ್ಲ ಸಿದ್ಧ ಇಟ್ಟುಕೊಂಡು ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಹಾಗೆ ಮಾಡಿ. ರೋಲರ್ ಇಲ್ಲದ, ಉಜ್ಜಿಕೊಂಡು ಓಡುವ ಕ್ಯಾಮ್ ಆದರೆ ಐಡ್ಲಿಂಗ್‌ಗೆ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ. ಐಡ್ಲಿಂಗ್‌ನಲ್ಲಿ ಲೋಬ್‌ಗೆ ಸಿಡಿಯುವ ಎಣ್ಣೆ ಸಾಲದು. ರೇಡಿಯೇಟರ್ ಮುಂದೆ ಫ್ಯಾನ್ ಇಟ್ಟುಕೊಳ್ಳಿ. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ.

ಇಂಜೆಕ್ಷನ್ ಕಾರಾದರೆ ಟ್ಯೂನಿಂಗ್ ಬಿಡಬೇಡಿ. ಮಾರುತಿಯ ಹಲವು ಎಂಜಿನ್ನುಗಳು ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತವೆ. ಹೊಸ ಕ್ಯಾಮ್‌ನಿಂದ ವ್ಯಾಕ್ಯೂಮ್ ಕಮ್ಮಿಯಾದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) "ಲೋಡ್ ಜಾಸ್ತಿ ಇದೆ" ಅಂತ ತಿಳಿದು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಕಂಪ್ರೆಷನ್ ಟೆಸ್ಟ್ ಮಾಡಿದರೆ ಮೊದಲಿಗಿಂತ ಕಮ್ಮಿ ಬಂದೀತು. ಇನ್‌ಲೆಟ್ ತಡವಾಗಿ ಮುಚ್ಚುವುದರಿಂದ ಹಾಗೆ, ರಿಂಗ್ ಹೋಯಿತು ಅಂತ ಹೆದರಬೇಡಿ. ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮ ಇಳಿದಿದೆಯಾ ನೋಡಿ. ಈ ಹೊಸ ನಂಬರನ್ನೂ ಬರೆದಿಡಿ.

ಫಲ ಅಳೆಯುವುದಕ್ಕೆ ಖಾಲಿ, ನೇರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 1500ರಿಂದ 3500ಕ್ಕೆ ಏರಲು ಎಷ್ಟು ಸೆಕೆಂಡು ಅಂತ ಹಳೆ ಕ್ಯಾಮ್‌ನಲ್ಲೇ ಅಳೆದಿಟ್ಟಿರಿ. ಹೊಸದರಲ್ಲಿ ಅದೇ ರಸ್ತೆ, ಅಷ್ಟೇ ಜನ, ಏಸಿ ಅದೇ ಸ್ಥಿತಿಯಲ್ಲಿ ಇಟ್ಟು ಮತ್ತೆ ಅಳೆಯಿರಿ. ಸಮಯ ಜಾಸ್ತಿ ಬಂದರೆ ಕ್ಯಾಮ್ ಎರಡು ಡಿಗ್ರಿ ಮುಂದೆ ತಂದು ಇನ್ನೊಮ್ಮೆ ನೋಡಿ. ಆಗಲೂ ಸರಿಹೋಗದಿದ್ದರೆ ಹಳೆಯದನ್ನೇ ವಾಪಸ್ ಹಾಕಿ. ಅದಕ್ಕೇ, ತೆಗೆದ ಕ್ಯಾಮನ್ನು ಎಣ್ಣೆ ಸವರಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ನಮ್ಮ ಉಪ್ಪು ಗಾಳಿಗೆ ಹಾಗೇ ಬಿಟ್ಟರೆ ಒಂದು ಮಳೆಗಾಲಕ್ಕೆ ಲೋಬ್ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ. ಹೊಸದು 1000 ಕಿ.ಮೀ. ಓಡಿದ ಮೇಲೆ ವಾಲ್ವ್ ಕವರ್ ತೆಗೆದು ಟ್ಯಾಪೆಟ್ ಮತ್ತೆ ಅಳೆಯಿರಿ. ಒಂದು ವಾಲ್ವಿನದು ಮಾತ್ರ ಸಡಿಲ ಆಗಿದ್ದರೆ ಆ ಲೋಬ್ ಮೇಲೆ ಉಗುರು ಆಡಿಸಿ ನೋಡಿ. ಗೀರು ಸಿಕ್ಕಿದರೆ ಕ್ಯಾಮ್ ಜೊತೆ ಅದರ ರಾಕರನ್ನೂ (ಲೋಬ್‌ನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ತೋಳನ್ನೂ) ಬದಲಿಸಬೇಕು.